ಕೆಂಪು ಪುಡಿಯ ಸ್ಟೋರಣ್ಣ

ಅವರ ತಿಥಿಯ ದಿನ, ಪಾವಗಡದಿಂದಾಚೆಯ ಆ ಊರಿನಲ್ಲಿ, ಶಾಮಿಯಾನದ ಕೆಳಗೆ ಊಟಕ್ಕೆ ಕೂತವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಒಳ್ಳೆಯ ಮನುಷ್ಯ, ಒಬ್ಬರ ಮನಸ್ಸು ನೋಯಿಸಿದವರಲ್ಲ. ನನ್ನ ಎಲೆಗೆ ಪಾಯಸ ಬಡಿಸುತ್ತಿದ್ದವನು, ‘ನೀವು ಅವ್ರ ಜತೇಲೇ ಕೆಲ್ಸ ಮಾಡ್ದೋರಂತಲ್ಲ, ಪುಣ್ಯವಂತ್ರು ಬುಡಿ’ ಅಂದ. ನಾನು ತಲೆಯಾಡಿಸಿದೆ. ತಿಥಿಯ ಊಟ ಉಣ್ಣುತ್ತಾ ಬೇರೆ ಏನು ಹೇಳಲಿಕ್ಕಾಗುತ್ತದೆ? ಈ ಮನುಷ್ಯ ಹನ್ನೊಂದು ವರ್ಷ ನನ್ನ ತಲೆ ತಿಂದರು ಎನ್ನಲಿಕ್ಕಾಗುತ್ತದೆಯೆ? ಅಲ್ಲಿ ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ನಮ್ಮ ಘಟಕದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಕಲ್ಲು ಕತ್ತರಿಸುವ ಘಟಕ. ಅಲ್ಲಿ ಅವರು ಸ್ಟೋರು ನೋಡಿಕೊಳ್ಳುತ್ತಿದ್ದರು, ಹಾಗಾಗಿ ಎಲ್ಲರಿಗೂ ಸ್ಟೋರಣ್ಣ. ನಾನು ಅದೇ ಘಟಕದಲ್ಲಿ ನೀರಿನ ಮಿಷನ್ನು ನಡೆಸುವವನು.

ನೀರಿನ ಮಿಷನ್ನು ಎಂದರೆ ಜನ ನಗುತ್ತಾರೆ. ನೀರಿನಲ್ಲಿ ಕಲ್ಲು ಕತ್ತರಿಸುವುದುಂಟೇ ಎನ್ನುತ್ತಾರೆ. ಉಂಟು. ನೀರನ್ನು ಕೂದಲೆಳೆಯಷ್ಟು ಸಣ್ಣ ತೂತಿನಿಂದ ಭಾರೀ ಒತ್ತಡದಲ್ಲಿ ಹೊರಡಿಸಿ, ದಾರಿಯಲ್ಲಿ ಅದಕ್ಕೆ ಒಂದು ಗಡುಸು ಪುಡಿ ಸೇರಿಸಿದರೆ ಕಲ್ಲು, ಗಾಜು, ಉಕ್ಕು ಯಾವುದನ್ನಾದರೂ ಬೇಕಾದ ಆಕಾರಕ್ಕೆ ಕತ್ತರಿಸಬಹುದು. ನಿಜ ಹೇಳಬೇಕೆಂದರೆ ನೀರು ಬರೀ ಗಾಡಿ. ಕೆಲಸ ಮಾಡುವುದು ಗಾಡಿಯಲ್ಲಿ ಕೂತ ಪುಡಿ. ಗಾರ್ನೆಟ್ ಎನ್ನುತ್ತಾರೆ ಅದಕ್ಕೆ. ಚಿರೋಟಿ ರವೆಯಷ್ಟು ಸಣ್ಣ, ಬೆಂದ ಇಟ್ಟಿಗೆಯ ಬಣ್ಣ, ಒಂದು ಹಿಡಿ ಎತ್ತಿಕೊಂಡರೆ ಕೈಗೆ ಅಂದಾಜಿಗಿಂತ ಭಾರ. ಪುಡಿ ಕೆಟ್ಟದಾದರೆ ಮಿಷನ್ನು ಎಷ್ಟು ದೊಡ್ಡದಾದರೂ ಅಷ್ಟೇ, ನಡೆಸುವವನು ಎಷ್ಟು ಜಾಣನಾದರೂ ಅಷ್ಟೇ.

ನಾನು ಬರಗೂರಿನ ಕಡೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ನಾಲ್ಕು ವರ್ಷ ಕಲ್ಲು ಪಾಲಿಶ್ ಮಾಡುವಲ್ಲಿ ಕೆಸರಿನಲ್ಲಿ ನಿಂತು ದುಡಿದೆ. ಈ ಮಿಷನ್ನು ಬಂದಾಗ ಮಾರಿದವರ ಕಡೆಯ ಒಬ್ಬ ಮೂರು ದಿನ ಕಲಿಸಿ ಹೋದ. ನಾಲ್ಕನೇ ದಿನದಿಂದ ನಾನೇ. ಪರದೆಯ ಮೇಲಿನ ಇಂಗ್ಲಿಷು ಪದಗಳನ್ನು ಓದಲು ಬರುತ್ತಿರಲಿಲ್ಲ, ಅವುಗಳ ಆಕಾರ ನೋಡಿ ಗುರುತಿಟ್ಟುಕೊಂಡೆ. ಈಗ ಡಿಪ್ಲೊಮಾ ಓದಿದವರು ಬಂದು ನನ್ನನ್ನು ಕೇಳಿ ಹೋಗುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಅಂಥ ನನಗೆ, ನನ್ನ ಮಿಷನ್ನಿಗೆ ಯಾವ ಪುಡಿ ಹಾಕಬೇಕೆಂದು ಆರಿಸುವ ಹಕ್ಕಿರಲಿಲ್ಲ. ಮಿಷನ್ನು ನನ್ನದು, ಪುಡಿ ಸ್ಟೋರಣ್ಣನದು. ಕಲ್ಲು ಒಡೆದರೆ ಮಾತು ಕೇಳುವವನು ನಾನು, ಕಲ್ಲು ಚೆನ್ನಾಗಿ ಬಂದರೆ ‘ಪುಡಿ ಚೆನ್ನಾಗೈತೆ’ ಅನ್ನಿಸಿಕೊಳ್ಳುವವರು ಅವರು. ಒಂದು ದಿನ, ಒಂದೇ ಒಂದು ದಿನ, ಅವರ ಬಾಯಿಂದ ‘ಈ ಸಲ ಪುಡಿ ನೀನೇ ಆರಿಸಯ್ಯ’ ಅನ್ನುವ ಮಾತು ಬರಬೇಕೆಂದು ಕಾದೆ. ಸಂಬಳ ಹೆಚ್ಚಾಗಲಿ ಎಂದು ಕೂಡ ಅಷ್ಟು ಕಾದವನಲ್ಲ.

ಪುಡಿ ಬಂತೆಂದರೆ ಅವರದೊಂದು ಪೂಜೆ ಇರುತ್ತಿತ್ತು. ಚೀಲದ ಬಾಯಿ ಬಿಚ್ಚಿ ಮೇಲಿನದನ್ನು ಮುಟ್ಟುತ್ತಲೇ ಇರಲಿಲ್ಲ. ಮೊಣಕೈಯವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ‘ಮೇಲಿಂದು ಮದ್ವೆ ಗಂಡು, ಕೆಳಗಿಂದು ಮನೇನಾಗಿನ ಗಂಡು’ ಅನ್ನುತ್ತಿದ್ದರು. ಆ ಹಿಡಿಯನ್ನು ಕೆಳಗೆ ಸುರಿದು ಅಂಗೈ ನೋಡಿಕೊಳ್ಳುವುದು. ಅಂಗೈಯಲ್ಲಿ ಬೂದಿಯಂತೆ ಧೂಳು ಉಳಿದರೆ ಆ ಚೀಲ ಅಲ್ಲಿಗೇ ಹೊರಗೆ. ಧೂಳು ಕತ್ತರಿಸುವುದಿಲ್ಲ, ಕೊಳವೆಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಒಂದು ಸ್ಟೀಲ್ ತಟ್ಟೆ. ಅದಕ್ಕೆ ಪುಡಿ ಹಾಕಿ ನೀರು ಬಿಟ್ಟು, ನಮ್ಮ ಹೆಂಗಸರು ಅಕ್ಕಿ ಗಾಳಿಸುತ್ತಾರಲ್ಲ ಹಾಗೆ, ತಟ್ಟೆಯನ್ನು ಸುತ್ತಲೂ ಅಲ್ಲಾಡಿಸುವುದು. ಗಾರ್ನೆಟ್ ಭಾರ, ತಳದಲ್ಲಿ ಕೂರುತ್ತದೆ. ಅದರಲ್ಲಿ ಬಿಳಿ ಮರಳು ಬೆರೆಸಿದ್ದರೆ ಅದು ಹಗುರ, ತಟ್ಟೆಯ ಅಂಚಿಗೆ ಬೆಳ್ಳಗೆ ಸರಿದು ಬರುತ್ತದೆ. ಅಡುಗೆಮನೆಯಲ್ಲಿ ಅಕ್ಕಿಯಿಂದ ಕಲ್ಲನ್ನು ಬೇರೆ ಮಾಡುವ ವಿದ್ಯೆಯನ್ನು ಈ ಮನುಷ್ಯ ಕಲ್ಲಿನಿಂದ ಕಲ್ಲನ್ನು ಬೇರೆ ಮಾಡಲಿಕ್ಕೆ ತಂದಿದ್ದರು. ನಾನು ಮೊದಲ ಸಲ ನೋಡಿದಾಗ ಬಾಯಿ ತೆರೆದು ನಿಂತೆ. ನೂರನೇ ಸಲ ನೋಡಿದಾಗ ಹಲ್ಲು ಕಚ್ಚಿಕೊಂಡು ನಿಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಕಡಲ ತೀರದಿಂದ ಬಂದ ಪುಡಿಯನ್ನು ನಾಲಿಗೆಗೆ ಇಟ್ಟು ನೋಡುತ್ತಿದ್ದರು. ಸರಿಯಾಗಿ ತೊಳೆಯದಿದ್ದರೆ ಉಪ್ಪು ಉಳಿದಿರುತ್ತದೆ, ಉಕ್ಕು ಕತ್ತರಿಸಿದ ಮೇಲೆ ತುಕ್ಕು ಬರುತ್ತದೆ ಎಂಬುದು ಅವರ ವಾದ. ಸರಿಯೇ ಇರಬಹುದು. ಆದರೆ ನೋಡಿ ಮುಗಿಸಿ ಉಗುಳುತ್ತಿದ್ದದ್ದು ನನ್ನ ಮಿಷನ್ನಿನ ಪಕ್ಕದಲ್ಲಿ. ಕೊನೆಗೆ ಒಂದು ಭೂತಗನ್ನಡಿ ಹಿಡಿದು, ಒಂದು ಚಿಟಿಕೆ ಪುಡಿಯ ಮೇಲೆ ಬಗ್ಗಿ, ‘ಮೂಲೆ ಇರ್ಬೇಕು, ಮೊನೆ ಇರಬಾರ್ದು’ ಎಂದು ತಮಗೆ ತಾವೇ ಹೇಳಿಕೊಳ್ಳುವುದು. ಕಾಳು ತೀರ ದುಂಡಗಿದ್ದರೆ ಕಲ್ಲಿನ ಮೇಲೆ ಜಾರುತ್ತದೆ, ತೀರ ಮೊನಚಾಗಿದ್ದರೆ ದಾರಿಯಲ್ಲೇ ಮುರಿದು ಧೂಳಾಗುತ್ತದೆ ಎಂದು ಇದರ ಅರ್ಥ. ಇದನ್ನು ಅವರು ಬಿಡಿಸಿ ಹೇಳಿದವರಲ್ಲ. ನಾನೇ ಎರಡು ವರ್ಷ ಕೇಳಿ ಕೇಳಿ ಅರ್ಥ ಮಾಡಿಕೊಂಡದ್ದು. ‘ಯಾಕಣ್ಣಾ’ ಎಂದು ಕೇಳಿದರೆ ‘ಯಾಕೆ ಅಂದ್ರೆ ಅದು ಹಂಗೇ’ ಎನ್ನುತ್ತಿದ್ದರು.

ಒಪ್ಪಿಗೆಗೆ ಅವರಲ್ಲಿ ಮಾತಿರಲಿಲ್ಲ. ಚೀಲದ ಬಾಯಿ ಕಟ್ಟಿಬಿಟ್ಟರೆ ಒಪ್ಪಿಗೆ. ಒಲ್ಲೆನೆಂಬುದಕ್ಕೆ ಮಾತ್ರ ಒಂದು ತೆಲುಗು ಮಾತಿತ್ತು: ‘ವದ್ದು’. ಅಂದರೆ ಬೇಡ. ಪಾವಗಡದ ಕಡೆಯವರಿಗೆ ಕನ್ನಡ, ತೆಲುಗು ಎರಡೂ ಒಂದೇ ನಾಲಿಗೆಯಲ್ಲಿ ಓಡಾಡುತ್ತವೆ. ಇವರಿಗೆ ಮನಸ್ಸು ಕೆಟ್ಟಾಗ ತೆಲುಗು ಬರುತ್ತಿತ್ತು.

ಒಂದು ಸಲ ನಮ್ಮ ಯಜಮಾನಿಯವರು, ಮಧುಗಿರಿಯ ಕಡೆಯವರು, ನಾವು ಮೇಡಮ್ಮು ಎನ್ನುತ್ತೇವೆ, ಸ್ಟೋರಿಗೆ ಬಂದು, ‘ಗಾರ್ನೆಟ್ ಯಾವಾಗ ನೋಡಿದರೂ ಸಿಗಲ್ಲ ಅಂತೀರ. ನಮ್ಮ ಹೊಳೆ ಮರಳನ್ನೇ ತೊಳೆದು, ಜರಡಿ ಹಿಡಿದು ಹಾಕಿದರೆ ಆಗಲ್ಲವಾ?’ ಎಂದು ಕೇಳಿದರು. ನಾನೂ ಪಕ್ಕದಲ್ಲಿದ್ದೆ. ನನಗೂ ಅದೇ ಯೋಚನೆ ಇತ್ತು, ಹಾಗಾಗಿ ‘ಮೆತ್ತನೆ ಕಲ್ಲಿಗೆ ಆಗಬಹುದು ಮೇಡಂ. ಹೆಂಗೂ ಮಿಷನ್ನಿನಾಗೆ ನೀರಿರ್ತದೆ, ಧೂಳು ಏಳಲ್ಲ’ ಅಂದೆ.

ಸ್ಟೋರಣ್ಣ ನನ್ನ ಕಡೆ ತಿರುಗಿದರು. ‘ಮಿಷನ್ನಾಗೆ ನೀರೈತೆ. ಚೀಲ ಬಿಚ್ಚೋನ ಮೂಗ್ನಾಗೆ ನೀರೈತೇನಯ್ಯಾ?’

ಆಮೇಲೆ ಸ್ಟೋರಣ್ಣ ನೆಲ ನೋಡಿಕೊಂಡು ಹೇಳಿದ್ದಿಷ್ಟು: ‘ನಮ್ಮಣ್ಣ ಕ್ರಷರಿನಾಗೆ ಬಿಳೀ ಕಲ್ಲಿನ ಧೂಳು ಕುಡ್ದು ಕುಡ್ದು ಹೋದ. ಕೊನೇ ವರ್ಸ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ದ. ಬಿಳೀ ಮರಳು ಈ ಬಾಗಿಲು ದಾಟಿದ ದಿನ ನಾನು ಆಚೆ ಹೋಗ್ತೀನಮ್ಮಾ.’

ದಿನಾ ಮಿಷನ್ನಿಗೆ ಸುರಿಯಲು ಚೀಲ ಬಿಚ್ಚುವವನು ನಾನೇ ಎಂಬುದು ಆಗ ಹೊಳೆಯಿತು. ಅದಕ್ಕೆ ಅವರಿಗೆ ನಾನು ಋಣಿ, ಒಪ್ಪುತ್ತೇನೆ. ಆದರೆ ಆ ಒಂದು ಸರಿಯಾದ ಮಾತನ್ನು ಹಿಡಿದುಕೊಂಡು ಉಳಿದ ಸಾವಿರ ಕಿರಿಕಿರಿಯನ್ನು ಸಹಿಸಿಕೊಳ್ಳಬೇಕೆ?

ಕಮಲದ ಕೆಲಸದ ಕತೆ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

ತುಮಕೂರಿನಲ್ಲಿ ಕಟ್ಟುತ್ತಿದ್ದ ಒಂದು ಕಲ್ಯಾಣ ಮಂಟಪದ ನೆಲಕ್ಕೆ ಎಂಟು ದಳದ ಹಸಿರು ಕಮಲ ಬೇಕಾಗಿತ್ತು. ಹಸಿರು ಮಾರ್ಬಲ್ಲಿನ ಒಂದೇ ಚಪ್ಪಡಿಯನ್ನು ಮಂಟಪದವರೇ ತಂದು ಕೊಟ್ಟಿದ್ದರು. ಇನ್ನೊಂದು ಅದೇ ಬಣ್ಣದ್ದು ಸಿಗುವುದಿಲ್ಲ ಎಂದು ನಾಲ್ಕು ಸಲ ಹೇಳಿ ಹೋಗಿದ್ದರು. ಮೇಡಮ್ಮು ನನ್ನನ್ನು ಕರೆದು, ‘ಈ ಕೆಲಸ ನೋಡಿಕೊಂಡು ಮುಂದಿನದು ಯೋಚಿಸೋಣ. ಇದು ಚೆನ್ನಾಗಿ ಬಂದರೆ ಮಿಷನ್ನು, ಪುಡಿ ಎರಡೂ ನಿನ್ನ ಸುಪರ್ದಿಗೆ ಕೊಡಬೇಕು ಅಂತಿದೆ. ಅವರಿಗೂ ವಯಸ್ಸಾಯಿತು’ ಅಂದರು. ನಾನು ಅಂದು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಪುಡಿ ಹೊತ್ತು ಲಾರಿ ಬಂತು. ಸ್ಟೋರಣ್ಣ ಕೈ ಇಳಿಸಿದರು, ತಟ್ಟೆ ಅಲ್ಲಾಡಿಸಿದರು, ಭೂತಗನ್ನಡಿ ಹಿಡಿದರು. ‘ದಪ್ಪ ಕಾಳು, ಸಣ್ಣ ಕಾಳು ಬೆರೆತೈತೆ. ವದ್ದು’ ಅಂದರು. ಲಾರಿ ನಿಂತಿತು. ಮಾರಿದವರಿಗೆ ಫೋನು, ಅವರಿಂದ ವಾದ, ಇವರಿಂದ ‘ವದ್ದು’. ಮೂರು ದಿನವಾಯಿತು. ಡ್ರೈವರು ಶಿರಾದ ಸಾಬರ ಹುಡುಗ, ಹಸನ್ಮುಖಿ. ಮೂರನೇ ದಿನ ಅವನ ನಗುವೂ ಮುಗಿಯಿತು.

‘ಚಾಚಾ, ಲೋಡ್ ಇಳಿಸ್ಕೊಳ್ರಿ, ಇಲ್ಲಾಂದ್ರೆ ನನ್ನಾದ್ರೂ ಇಳಿಸ್ಕೊಳ್ರಿ. ಮನೇಲಿ ನಾನು ಇನ್ನೊಂದು ಮದ್ವೆ ಆದೆ ಅಂದ್ಕೊಂಡವ್ರೆ.’

‘ನಿನ್ನ ಇಳಿಸ್ಕೊಂಡ್ರೆ ಊಟ ಹಾಕ್ಬೇಕು. ಅದನ್ನ ಇಳಿಸ್ಕೊಂಡ್ರೆ ಮಿಷನ್ನು ಕೆಡ್ತದೆ. ಎರಡೂ ವದ್ದಪ್ಪ.’

ಲಾರಿ ವಾಪಸು ಹೋಯಿತು. ನಾನು ಸ್ಟೋರಿಗೆ ನುಗ್ಗಿ ಬಾಯಿಗೆ ಬಂದದ್ದು ಅಂದೆ. ‘ನಿಮಗೆ ನನ್ನ ಕಂಡ್ರೆ ಆಗಲ್ಲ. ನಂಗೆ ಹೆಸ್ರು ಬರಬಾರ್ದು ಅಂತಾನೇ ಇಂಗೆ ಮಾಡ್ತೀರ. ದಿನ ಹತ್ರ ಬಂದದೆ, ಗಾಳಿನಾಗೆ ಕಲ್ಲು ಕುಯ್ಯಲಾ ನಾನು?’ ಅವರು ಭೂತಗನ್ನಡಿಯನ್ನು ಪಂಚೆಯ ತುದಿಯಲ್ಲಿ ಒರೆಸುತ್ತಾ ಕೇಳಿಸಿಕೊಂಡರು. ‘ಆತಾ?’ ಅಂದರು. ‘ಆಯ್ತು’ ಅಂದೆ. ‘ಸರಿ, ಹೋಗು’ ಅಂದರು. ಇಂಥ ಮನುಷ್ಯರ ಜೊತೆ ಜಗಳವನ್ನಾದರೂ ಹೇಗೆ ಮಾಡುವುದು ಹೇಳಿ.

ಹೋದೆ. ಹೋಗಿ ನನ್ನ ಬುದ್ಧಿ ಓಡಿಸಿದೆ. ಮಿಷನ್ನಿನ ಕೆಳಗಿನ ತೊಟ್ಟಿಯಲ್ಲಿ ಒಮ್ಮೆ ಬಳಸಿದ ಪುಡಿ ಕೆಸರಾಗಿ ಕೂತಿರುತ್ತದೆ. ಅದರಲ್ಲಿ ಮುರಿಯದೆ ಉಳಿದ ಕಾಳು ಬೇಕಾದಷ್ಟಿರುತ್ತದೆ. ತೊಳೆದು, ಒಣಗಿಸಿ, ಜರಡಿ ಹಿಡಿದರೆ ಇನ್ನೊಂದು ಸಲಕ್ಕೆ ಆಗುತ್ತದೆ. ದೊಡ್ಡ ಊರುಗಳಲ್ಲಿ ಇದಕ್ಕೇ ಮಿಷನ್ನುಗಳಿವೆಯಂತೆ. ನಮ್ಮಲ್ಲಿ ಇರಲಿಲ್ಲ. ಘಟಕದ ಅಂಗಳದ ತುಂಬ ಬಿಳಿ ಕಲ್ಲುಪುಡಿ, ಅಲ್ಲಿ ಹರವಿದರೆ ಮತ್ತೆ ಹೊಲಸು. ಆರು ಚೀಲದಷ್ಟು ತೊಳೆದು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನಮ್ಮೂರಿಗೆ ಒಯ್ದೆ. ರಾಗಿ ಬಡಿದು ಮುಗಿದಿತ್ತು. ನಮ್ಮ ಕಣ ಸಗಣಿ ಸಾರಿಸಿ ಕನ್ನಡಿಯಂತಿತ್ತು. ಅಷ್ಟು ಒಳ್ಳೆಯ ಒಣ ಜಾಗ ಇನ್ನೆಲ್ಲಿ ಸಿಗುತ್ತದೆ?

ನಮ್ಮಮ್ಮ ಕಣದ ಬದಿಯಲ್ಲಿ ನಿಂತು ನೋಡಿದಳು. ‘ಇದ್ಯಾವ ಸೀಮೆ ರಾಗಿ ಕಣ್ಲಾ? ಮುದ್ದೆ ಆಗ್ತದಾ?’

‘ಕಲ್ಲಿನ ಮುದ್ದೆ ಆಗ್ತದೆ ಕಣಮ್ಮ, ಕೈ ಆಡ್ಸು.’

ಎರಡು ದಿನ ಒಳ್ಳೆ ಬಿಸಿಲು. ಅಮ್ಮ ರಾಗಿಯನ್ನು ಹೇಗೋ ಹಾಗೆಯೇ ಕಾಲಿನಿಂದ ಸಾಲು ಎಳೆದು ತಿರುವಿ ಹಾಕಿದಳು, ಸಂಜೆ ಪೊರಕೆಯಲ್ಲಿ ಒಂದು ಕಾಳು ಬಿಡದೆ ಗುಡಿಸಿ ರಾಶಿ ಮಾಡಿದಳು. ನಾನು ಜರಡಿ ಹಿಡಿದೆ. ಚೀಲ ತುಂಬಿಕೊಂಡು ಬಂದೆ. ಆ ಪುಡಿಯನ್ನು ಅಂಗೈಯಲ್ಲಿ ಹಾಕಿ ಸುರಿದೆ, ಧೂಳಿಲ್ಲ. ತಟ್ಟೆಯಲ್ಲಿ ಗಾಳಿಸುವುದನ್ನು ಮಾತ್ರ ಮಾಡಲಿಲ್ಲ. ಒಣಗಿಸಲು ಎರಡು ದಿನ ಪಟ್ಟ ಪಾಡಿನ ಮೇಲೆ ಮತ್ತೆ ಯಾರು ನೀರು ಹಾಕುತ್ತಾರೆ?

ಬೆಳಗ್ಗೆ ಮಿಷನ್ನು ಶುರುಮಾಡಿದೆ. ಮೊದಲ ದಳ ಬೆಣ್ಣೆಯಂತೆ ಬಂತು. ಎರಡು, ಮೂರು, ನಾಲ್ಕು, ಐದು. ಸ್ಟೋರಣ್ಣ ಬಾಗಿಲಿಗೆ ಬಂದು ನಿಂತು ನೋಡಿ ಒಳಗೆ ಹೋದರು. ನಾನು ಬೇಕೆಂದೇ ಶಿಳ್ಳೆ ಹಾಕುತ್ತಿದ್ದೆ. ಆರನೇ ದಳದ ತುದಿ ತಿರುಗುವಲ್ಲಿ ಶಬ್ದ ಬದಲಾಯಿತು. ಪುಡಿ ಬರುವ ಕೊಳವೆ ಕಟ್ಟಿಕೊಂಡು ಬರೀ ನೀರು ಹೊಡೆಯುತ್ತಿತ್ತು. ಬರೀ ನೀರು ಕತ್ತರಿಸುವುದಿಲ್ಲ, ಗುದ್ದುತ್ತದೆ. ನಾನು ಗುಂಡಿ ಒತ್ತುವಷ್ಟರಲ್ಲಿ ದಳದ ತುದಿ ಹಕ್ಕಳೆಯಂತೆ ಎದ್ದು ಹಾರಿತು.

ಆ ಕ್ಷಣ ನನಗೆ ಕಂಡದ್ದು ಕಲ್ಲಲ್ಲ. ಮಿಷನ್ನು, ಪುಡಿ ಎರಡೂ ನಿನ್ನದು ಎಂದ ಮೇಡಮ್ಮಿನ ಮಾತು.

ಸ್ಟೋರಣ್ಣ ಬಂದರು. ಏನೂ ಕೇಳಲಿಲ್ಲ. ಚೀಲದಿಂದ ಒಂದು ಹಿಡಿ ತೆಗೆದು ತಟ್ಟೆಗೆ ಹಾಕಿ ನೀರು ಬಿಟ್ಟು ಅಲ್ಲಾಡಿಸಿದರು. ನೀರಿನ ಮೇಲೆ ಹೊಂಬಣ್ಣದ ಸಣ್ಣ ಸಣ್ಣ ಎಳೆಗಳು ತೇಲಿದವು. ಬೆರಳಲ್ಲಿ ಎತ್ತಿ ಮೂಸಿದರು.

‘ಕಣದಾಗೆ ಒಣಗಾಕಿದ್ದಾ?’

‘ಜರಡಿ ಹಿಡ್ದಿದ್ದೆ ಅಣ್ಣಾ’ ಅಂದೆ.

‘ಸಗಣೀನಾಗೆ ಹುಲ್ಲಿರ್ತದೆ ಕಣಯ್ಯಾ. ಜರಡಿ ಕಣ್ಣಾಗೆ ಅಡ್ಡ ಬಂದ್ರೆ ನಿಲ್ತದೆ, ಉದ್ದ ಬಂದ್ರೆ ನುಸೀತದೆ.’ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಡಿಯ ಮೇಲೆ ಗೇಣು ಹಾಕಿ ಅಳೆದರು. ‘ಇನ್ನೊಂದು ದಳಕ್ಕೆ ಆ ಮೂಲೇನಾಗೆ ಜಾಗ ಐತೆ. ಒಂದಕ್ಕೆ ಮಾತ್ರ. ಬಾ.’

ಸ್ಟೋರಿನ ಹಿಂಭಾಗಕ್ಕೆ ಕರೆದುಕೊಂಡು ಹೋಗಿ ಹಳೆಯ ಹಲಗೆಗಳನ್ನು ಸರಿಸಿದರು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಮೂರು ಚೀಲಗಳಿದ್ದವು. ಹಿಂದಿನ ವರ್ಷದ ಒಳ್ಳೆಯ ಗಾರ್ನೆಟ್, ಬಾಯಿ ಕಟ್ಟಿದ್ದು.

‘ಇದು ಮೊದ್ಲಿಂದ್ಲೂ ಇಲ್ಲೇ ಇತ್ತಾ?’

‘ಇತ್ತು.’

‘ಮತ್ತೆ ಯಾಕಣ್ಣಾ ಕೊಡ್ಲಿಲ್ಲ?’

‘ನೀನೆಲ್ಲಿ ಕೇಳ್ದೆ? ನೀನು ಜಗಳ ಆಡ್ದೆ.’

ಈಗ ಹೇಳಿ. ಒಂದು ಮಾತು, ‘ಏನಾದ್ರೂ ಎತ್ತಿಟ್ಟಿದ್ದೀರಾ ಅಣ್ಣಾ’ ಎಂದು ನಾನು ಕೇಳಬೇಕಿತ್ತಂತೆ. ಕೇಳದೆ ಇದ್ದದ್ದು ನನ್ನ ಅಹಂಕಾರ, ಇರಲಿ. ಕೇಳಲಿ ಎಂದು ಐದು ದಿನ ಕಾದು ಕೂತದ್ದಕ್ಕೆ ಏನೆನ್ನಬೇಕು? ಇವತ್ತಿಗೂ ಅದನ್ನು ನೆನೆದರೆ ನನಗೆ ಕಿವಿ ಬಿಸಿಯಾಗುತ್ತದೆ.

ಅವತ್ತು ಕೊಳವೆ ಬಿಚ್ಚಿ ತೊಳೆದು, ಆ ಪುಡಿ ಹಾಕಿ, ಸಂಜೆಯೊಳಗೆ ಉಳಿದ ಮೂರು ದಳಗಳನ್ನೂ ಕತ್ತರಿಸಿದೆ. ಕಮಲ ಕೂಡಿಕೊಂಡಿತು, ಸಂದಿನಲ್ಲಿ ಉಗುರು ಹೋಗುವಂತಿರಲಿಲ್ಲ. ಮೇಡಮ್ಮು ಬಂದು ನೋಡಿ ಸಂತೋಷಪಟ್ಟರು. ನಾನು ಉಸಿರು ಬಿಡುವಷ್ಟರಲ್ಲಿ ಸ್ಟೋರಣ್ಣ ಬಾಯಿ ತೆರೆದರು. ಒಂದೂ ಬಿಡದೆ ಹೇಳಿದರು: ಕಣ, ಸಗಣಿ, ಹಾರಿದ ದಳ, ತಾವು ಬಚ್ಚಿಟ್ಟ ಚೀಲ, ಎಲ್ಲವನ್ನೂ. ನನ್ನ ತಪ್ಪನ್ನೂ ಮುಚ್ಚಲಿಲ್ಲ, ತಮ್ಮದನ್ನೂ ಮುಚ್ಚಲಿಲ್ಲ. ಕಡೆಗೆ, ‘ಮಿಷನ್ನು ಇವ್ನ ಕೈನಾಗೇ ಇರ್ಲಿ ಅಮ್ಮಾ. ಇಂಥ ಕೈ ಇನ್ನೊಂದಿಲ್ಲ. ಪುಡಿ ಮಾತ್ರ ಮುಟ್ಟಕ್ಕೆ ಬುಡಬ್ಯಾಡಿ. ತಾಳ್ಮೆ ಇಲ್ಲ’ ಅಂದರು.

ಹೊಗಳಿದರೋ ತೆಗಳಿದರೋ? ಆ ರಾತ್ರಿ ಹೆಂಡತಿಗೆ ಹೇಳಿದರೆ ಅವಳು, ‘ಎರಡೂ ನಿಜಾನೇ ಅಲ್ವಾ’ ಅಂದು ತಿರುಗಿ ಮಲಗಿದಳು.

ಅವರು ಕೆಲಸ ಬಿಟ್ಟದ್ದು ಎರಡು ವರ್ಷದ ಹಿಂದೆ, ಸಕ್ಕರೆ ಕಾಯಿಲೆ ಜಾಸ್ತಿಯಾಗಿ. ಹೋಗುವ ದಿನ ಹಾರ ಹಾಕಿಸಿಕೊಂಡರು, ಖಾರ ಬೂಂದಿ ತಿಂದರು. ಈಗಲಾದರೂ ಆ ಮಾತು ಬರುತ್ತದೆಂದು ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ಸ್ಟೋರಿನ ಬೀಗದ ಕೈಯನ್ನು ಮೇಡಮ್ಮಿಗೆ ಕೊಟ್ಟು, ‘ಹೊಸಾ ಪುಡಿ ಬಂದಾಗ ಒಂಚೂರು ಬಸ್ಸಿಗೆ ಹಾಕಿ ಕಳ್ಸಿ, ನೋಡಿ ಹೇಳ್ತೀನಿ’ ಅಂದರು.

ನಂಬಿ, ಹಾಗೇ ನಡೆಯಿತು. ಪ್ರತಿ ಲೋಡು ಬಂದಾಗ ನಾನು ಚೀಲದ ತಳದಿಂದ ಒಂದು ಹಿಡಿ ತೆಗೆದು, ಔಷಧಿ ಅಂಗಡಿಯ ಕವರಿಗೆ ಹಾಕಿ, ಶಿರಾ ಬಸ್‌ಸ್ಟ್ಯಾಂಡಿಗೆ ಹೋಗಿ ಪಾವಗಡದ ಬಸ್ಸಿನ ಕಂಡಕ್ಟರ ಕೈಗೆ ಕೊಡಬೇಕು. ‘ಏನಿದು ಯಾವಾಗ್ಲೂ, ಭಸ್ಮವಾ?’ ಎಂದು ಕಂಡಕ್ಟರು ಕೇಳುತ್ತಿದ್ದ. ‘ಹ್ಞೂಂ, ನನ್ನ ಕರ್ಮದ ಭಸ್ಮ’ ಅನ್ನುತ್ತಿದ್ದೆ. ಅಲ್ಲಿ ಅವರ ಕಡೆಯವರು ಇಳಿಸಿಕೊಂಡು ಮನೆಗೆ ಮುಟ್ಟಿಸುತ್ತಿದ್ದರು. ಮಾರನೇ ದಿನ ಫೋನು. ‘ಹಾಕ್ಕೋ’ ಅಥವಾ ‘ವದ್ದು’. ನಾನು ಅಷ್ಟರಲ್ಲಿ ತಟ್ಟೆಯಲ್ಲಿ ಗಾಳಿಸಿ, ಭೂತಗನ್ನಡಿ ಹಿಡಿದು, ನಾಲಿಗೆಗೂ ಇಟ್ಟು ತೀರ್ಮಾನ ಮಾಡಿ ಆಗಿರುತ್ತಿತ್ತು. ಬಹಳ ಸಲ ನನ್ನದೂ ಅವರದೂ ಒಂದೇ ಆಗಿರುತ್ತಿತ್ತು. ಹಾಗೆಂದು ಹೇಳಿದರೆ, ‘ಬಹಳ ಸಲ ಅಲ್ಲಯ್ಯಾ. ಪ್ರತಿ ಸಲ ಆಗ್ಬೇಕು’ ಎಂದು ಫೋನಿಟ್ಟುಬಿಡುತ್ತಿದ್ದರು.

ಈ ವರ್ಷ ನಮಗೆ ಪುಡಿ ಕೊಡುತ್ತಿದ್ದವರು ವ್ಯಾಪಾರ ನಿಲ್ಲಿಸಿದರು. ಹೊಸಬರು ಮೂವರು ಮೂರು ಮಾದರಿ ಕಳಿಸಿದರು. ಒಂದನ್ನು ಆರಿಸಿದರೆ ವರ್ಷಕ್ಕೆ ಆಗುವಷ್ಟು ಒಟ್ಟಿಗೆ ತರಿಸಬೇಕು. ಮೇಡಮ್ಮು, ‘ಈ ಸಲ ಕವರು ಬೇಡ, ನೀನೇ ಹೋಗಿ ತೋರಿಸಿಕೊಂಡು ಬಾ’ ಅಂದರು. ಮೂರು ಡಬ್ಬಿ ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಂಡೆ. ಇನ್ನು ಇದು ಸಾಕು ಅಣ್ಣಾ, ನಾನೇನು ಮಗುವಲ್ಲ, ಇವತ್ತು ಆ ಮಾತು ಹೇಳಿಬಿಡಿ.

ಅವರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು, ‘ನೀನಾದ್ರೂ ಹೇಳಪ್ಪಾ. ಮಾತ್ರೆ ಕೊಟ್ರೆ ಅದನ್ನೂ ಬೆಳಕಿಗೆ ಹಿಡ್ದು ನೋಡ್ತಾರೆ. ಡಾಕ್ಟ್ರಿಗೇ ವಾಪಸ್ ಕಳ್ಸವ್ರೆ ಒಂದ್ಸಲ’ ಅಂದರು.

‘ಆ ಮಾತ್ರೆ ಅಂಚು ಉದುರ್ತಿತ್ತು’ ಎಂದರು ಇವರು.

ನಾನು ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಅವರು ಮೊದಲನೆಯದರಿಂದ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿದರು. ಎರಡನೆಯದನ್ನೂ ಉಜ್ಜಿದರು. ಮೂರನೆಯದು. ಮತ್ತೆ ಮೊದಲನೆಯದು. ಬಹಳ ಹೊತ್ತಾಯಿತು. ಆಮೇಲೆ ಬೆರಳನ್ನು ನೋಡಿಕೊಂಡು ಹೇಳಿದರು:

‘ತಿಳೀತಿಲ್ಲ ಕಣಯ್ಯಾ. ಬೆರಳಿಗೆ ಏನೂ ತಿಳೀತಿಲ್ಲ. ಮೂರೂ ಒಂದೇ ಥರ ಐತೆ.’ ಡಬ್ಬಿಗಳನ್ನು ನನ್ನ ಕಡೆ ಸರಿಸಿ, ‘ನೀನೇ ನೋಡು’ ಅಂದರು.

ಹನ್ನೊಂದು ವರ್ಷ ಕಾದ ಮಾತು ಬಂತು. ಹೀಗೆ ಬರಬಾರದಿತ್ತು. ನನ್ನ ಕೈ ನೋಡಿ ಕೊಡಬೇಕಿದ್ದುದನ್ನು ತಮ್ಮ ಕೈ ಸೋತಿತೆಂದು ಕೊಟ್ಟರು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಅವರ ಹೆಂಡತಿಯ ಹತ್ತಿರ ತಟ್ಟೆ, ಒಂದು ಚೊಂಬು ನೀರು ಕೇಳಿದೆ. ಅವರ ಎದುರಿಗೇ ಕೂತು ಮೂರನ್ನೂ ಗಾಳಿಸಿದೆ. ಜೇಬಿನಿಂದ ಭೂತಗನ್ನಡಿ ತೆಗೆದು ಹಿಡಿದೆ. ಮೊದಲನೆಯದು ಕಡಲಿನದು, ಶುದ್ಧವಾಗಿತ್ತು, ಕಾಳು ತೀರ ದುಂಡು. ಎರಡನೆಯದು ಬಂಡೆ ಒಡೆದು ಮಾಡಿದ್ದು, ಮೂಲೆಗಳಿದ್ದವು, ಸ್ವಲ್ಪ ಧೂಳಿತ್ತು. ತೊಳೆಸಿ ಕಳಿಸಿ ಎಂದರೆ ಆಗುತ್ತದೆ. ಮೂರನೆಯದು ಗಾರ್ನೆಟ್ಟೇ ಅಲ್ಲ, ಕಾರ್ಖಾನೆಯಲ್ಲಿ ಮಾಡಿದ ಇನ್ನೂ ಗಡುಸಾದ ಪುಡಿ, ಕಲ್ಲಿನ ಜೊತೆ ಮಿಷನ್ನನ್ನೂ ತಿನ್ನುವಂಥದ್ದು. ಒಂದೊಂದನ್ನೂ ಬಾಯಿಬಿಟ್ಟು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

‘ಯಾವ್ದು?’

‘ಎರಡನೇದು.’

‘ತೊಳ್ಸಿ?’

‘ತೊಳ್ಸಿ, ಒಣಗ್ಸಿ.’

‘ಎಲ್ಲಿ ಒಣಗಿಸ್ತೀಯ?’ ಮೀಸೆಯ ಕೆಳಗೆ ಒಂಚೂರು ನಗು ಬಂತು.

‘ಅವ್ರೇ ಒಣಗ್ಸಿ ಕೊಡ್ತಾರೆ ಬುಡಣ್ಣಾ. ಸರೀನಾ ಹೇಳಿ.’

‘ನನ್ನೇನು ಕೇಳ್ತೀಯ. ನಳಿಕೆ ಹೇಳ್ತದೆ.’

ಮಿಷನ್ನಿನ ತುದಿಯಲ್ಲಿ, ನೀರು ಪುಡಿ ಎರಡೂ ಕೂಡಿ ಹೊರಬರುವ ಕಡೆ, ಬೆರಳುದ್ದದ ಒಂದು ನಳಿಕೆ ಇರುತ್ತದೆ. ಪುಡಿ ಅದನ್ನು ಒಳಗಿನಿಂದ ದಿನದಿನವೂ ಸವೆಸುತ್ತದೆ. 

ಒಳ್ಳೆಯ ಪುಡಿಯಾದರೆ ಹೆಚ್ಚು ಗಂಟೆ ಬಾಳುತ್ತದೆ, ಕೆಟ್ಟದ್ದಾದರೆ ಬೇಗ ಹೋಗುತ್ತದೆ. ಅವರು ಆರಿಸಿದ ಪುಡಿಯಲ್ಲಿ ಒಂದು ನಳಿಕೆ ನೂರಾ ಆರು ಗಂಟೆ ಬಾಳಿತ್ತು. ಅದಕ್ಕಿಂತ ಹೆಚ್ಚು ನಮ್ಮಲ್ಲಿ ಯಾವತ್ತೂ ಬಾಳಿರಲಿಲ್ಲ.

ಪುಡಿ ಬಂತು. ಹೊಸ ನಳಿಕೆ ಹಾಕಿ ಶುರುಮಾಡಿದೆ. ಅಂಚು ಚೆನ್ನಾಗಿ ಬರುತ್ತಿತ್ತು. ಎರಡನೇ ದಿನವೇ ಫೋನು ಮಾಡಿ, ‘ಅಣ್ಣಾ, ಒಳ್ಳೆ ಪುಡಿ’ ಅಂದೆ.

‘ಎಷ್ಟು ಗಂಟೆ ಆತು?’

‘ಹತ್ತು.’

‘ಹತ್ತು ಗಂಟೆಗೆ ಎಲ್ಲಾ ಪುಡೀನೂ ಒಳ್ಳೇದೇ. ನಳಿಕೆ ಹೋದ ಮ್ಯಾಲೆ ಹೇಳು’ ಎಂದು ಫೋನಿಟ್ಟರು.

ನಾನೂ ಫೋನಿಟ್ಟು ಕಾದೆ. ದಿನಕ್ಕೆ ಐದೋ ಆರೋ ಗಂಟೆ ಓಡಿಸಿ, ಪ್ರತಿ ಸಂಜೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಅರವತ್ತೆರಡು ಗಂಟೆ ಬರೆದ ಮಾರನೇ ದಿನ ಬೆಳಗ್ಗೆ ಅವರ ಊರಿನಿಂದ ಫೋನು ಬಂತು. ಹೋಗಿ ಮಣ್ಣು ಹಾಕಿ ಬಂದೆ. ಬಂದು ಮತ್ತೆ ಮಿಷನ್ನು ಓಡಿಸಿದೆ, ಮತ್ತೆ ಬರೆದೆ. ತಿಥಿಗೆ ಎರಡು ದಿನ ಮುಂಚೆ ನೀರು ಅಗಲವಾಗಿ ಚೆಲ್ಲತೊಡಗಿತು. ನಿಲ್ಲಿಸಿ ನಳಿಕೆ ಬಿಚ್ಚಿದೆ. ನೂರಾ ಎರಡು ಗಂಟೆ.

ನಾಲ್ಕು ಗಂಟೆ ಕಮ್ಮಿ. ‘ಇನ್ನೂ ನಾಕು ಗಂಟೆ ತಾಳ್ಮೆ ಸಾಲ್ದಯ್ಯಾ ನಿಂಗೆ’ ಎಂದು ಖಂಡಿತ ಅನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ಅವತ್ತಿನ ಕಲ್ಲು ಬೇರೆ, ಇವತ್ತಿನ ಕಲ್ಲು ಬೇರೆ ಎಂದು ಅರ್ಧ ಗಂಟೆ ವಾದ ಮಾಡುತ್ತಿದ್ದೆ. ಆ ಬೈಗುಳ ಬೈದು ಹೋಗಲಿಕ್ಕಾದರೂ ಇನ್ನೊಂದು ಎಂಟು ದಿನ ಇರಬಾರದಿತ್ತೇ ಈ ಮನುಷ್ಯ?